ಮಂಡಿಯಲ್ಲಿ ಮೂರು ಮಿಲಿಮೀಟರ್

ನಾನು ಡಾಕ್ಟರ್ ಅಲ್ಲ, ಐಟಿ ಕಂಪೆನಿಯಲ್ಲಿ ಕೆಲಸ ಮಾಡುವವಳು. ನಮ್ಮ ಅತ್ತೆಯ ಮಂಡಿ ಆಪರೇಷನ್ ಸಮಯದಲ್ಲಿ ಓದಿ, ಡಾಕ್ಟರರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಅತ್ತೆಗೆ ಸಾಂತಾಕ್ರೂಜ್ ಸ್ಟೇಷನ್ನಿನ ಸೇತುವೆ ಹತ್ತುವುದು ಕಷ್ಟವಾಗಿ ಮೂರು ವರ್ಷವಾಗಿತ್ತು. ನಮಗೆ ಹೇಳಿರಲಿಲ್ಲ. ಈಸ್ಟಿನಿಂದ ವೆಸ್ಟಿಗೆ ತರಕಾರಿಗೆ ಹೋಗುವುದನ್ನೇ ಬಿಟ್ಟಾಗ ನಮಗೆ ಗೊತ್ತಾಯಿತು.

ಮಂಡಿಯಲ್ಲಿ ಮೂರು ಭಾಗಗಳಿವೆ: ಒಳಬದಿ, ಹೊರಬದಿ, ಚಿಪ್ಪಿನ ಹಿಂಬದಿ. ಅತ್ತೆಗೆ ಸವೆದಿದ್ದದ್ದು ಒಳಬದಿ ಮಾತ್ರ. ಹೀಗಿದ್ದು ಒಳಗಿನ ಲಿಗಮೆಂಟುಗಳು ಗಟ್ಟಿಯಾಗಿದ್ದರೆ ಅಷ್ಟು ಭಾಗವನ್ನೇ ಬದಲಿಸಬಹುದು. ಆಕ್ಸ್‌ಫರ್ಡಿನ ಗುಡ್‌ಫೆಲೋ ಮತ್ತು ಓಕಾನರ್ ರೂಪಿಸಿದ ಇಂಥ ಕೃತಕ ಮಂಡಿ ದಶಕಗಳಿಂದ ಬಳಕೆಯಲ್ಲಿದೆ. ತೊಡೆಯ ಮೂಳೆಗೆ ಲೋಹದ ಹೊದಿಕೆ, ಕೆಳಗಿನ ಮೂಳೆಯ ಮೇಲೆ ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್ ಬಿಲ್ಲೆ.

ಇಲ್ಲಿ ಹೊಸ ಭಾಗ ಉಳಿದ ಹಳೆಯ ಮಂಡಿಯೊಂದಿಗೆ ಹೊಂದಿಕೊಂಡು ಬಾಳಬೇಕು. ಆದ್ದರಿಂದ ಅದನ್ನು ಎಲ್ಲಿ, ಹೇಗೆ ಕೂರಿಸುತ್ತಾರೆ ಎಂಬುದು ಮುಖ್ಯ. ತಟ್ಟೆ ಮೂಳೆಯ ಅಂಚಿನಿಂದ 3 ಮಿಲಿಮೀಟರ್ ಅಥವಾ ಹೆಚ್ಚು ಹೊರಚಾಚಿದರೆ ಸುತ್ತಲಿನ ಮೆದುಭಾಗಕ್ಕೆ ತಾಗಿ ನೋವು ಉಳಿಯಬಹುದು. ತಟ್ಟೆ ಹಿಂದಕ್ಕೆ ತೀರಾ ಇಳಿಜಾರಾದರೆ ಲಿಗಮೆಂಟಿನ ಮೇಲೆ ಎಳೆತ ಬೀಳುತ್ತದೆ. ಬಿಲ್ಲೆ ದಪ್ಪವಾದರೆ ಭಾರವೆಲ್ಲ ಚೆನ್ನಾಗಿದ್ದ ಹೊರಬದಿಗೆ ಹೋಗಿ ಅದೂ ಸವೆಯಬಹುದು.

ಆಪರೇಷನ್ ಆದ ಮೇಲೆ ನೆರೆಯವರು, “ಕಾಲು ಇನ್ನೂ ಸ್ವಲ್ಪ ಬಾಗಿಯೇ ಇದೆಯಲ್ಲ!” ಅಂದರು. ಅತ್ತೆ ಕುಗ್ಗಿಹೋದರು. ಎರಡು ತಿಂಗಳಾದರೂ ಒಳಬದಿಯ ನೋವು ಹೋಗಿರಲಿಲ್ಲ. “ನಿಮ್ಮ ದುಡ್ಡೆಲ್ಲ ನೀರುಪಾಲಾಯಿತು” ಎಂದು ಅತ್ತು, ವ್ಯಾಯಾಮವನ್ನೂ ನಿಲ್ಲಿಸಿದರು. ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ, ಅಂಚು, ಇಳಿಜಾರು ಎಲ್ಲವನ್ನೂ ಬೆರಳಿಟ್ಟು ತೋರಿಸಿದರು. “ಕಾಲನ್ನು ಪೂರ್ತಿ ನೇರ ಮಾಡುವುದು ನಮ್ಮ ಗುರಿಯಲ್ಲ, ಸವೆಯುವ ಮೊದಲು ಹೇಗಿತ್ತೋ ಹಾಗೆ ಮಾಡುವುದು. ಭಾಗ ಸರಿಯಾಗಿ ಕೂತಿದೆ. ಈ ನೋವು ಕೆಲವು ತಿಂಗಳು ಇರುವುದುಂಟು” ಎಂದರು. ಮರುದಿನ ಅತ್ತೆ ತಾವಾಗಿಯೇ ವ್ಯಾಯಾಮದ ಚಾಪೆ ಹಾಸಿದರು.

ರೋಬೋಟ್ ಬೇಕೇ ಎಂದು ಹಲವರು ಕೇಳುತ್ತಾರೆ. ಗ್ಲಾಸ್ಗೋದಲ್ಲಿ 139 ಮಂದಿಯ ಮೇಲೆ ಪರೀಕ್ಷೆ ನಡೆದಿದೆ. ರೋಬೋಟಿನ ನೆರವಿನಲ್ಲಿ ಭಾಗ ಹೆಚ್ಚು ನಿಖರವಾಗಿ ಕೂತಿತು, ಮೊದಲ ವಾರಗಳ ನೋವೂ ಕಡಿಮೆಯಿತ್ತು. ಆದರೆ ಎರಡು ವರ್ಷಗಳ ಹೊತ್ತಿಗೆ ಒಟ್ಟಾರೆ ದೊಡ್ಡ ವ್ಯತ್ಯಾಸ ಉಳಿಯಲಿಲ್ಲ. ಹಾಗಾಗಿ ರೋಬೋಟಿಗೆ ಹಣ ಸಾಲದು ಎಂದು ಯಾರೂ ಎದೆಗುಂದಬೇಕಿಲ್ಲ. ಈ ಆಪರೇಷನ್ ಪದೇಪದೇ ಮಾಡಿ ಕೈ ಪಳಗಿದ ಸರ್ಜನ್ ಸಿಗುವುದು ಮುಖ್ಯ.

ಆದ್ದರಿಂದ ಸೋದರಿಯರೇ, ಆಪರೇಷನ್ನಿಗೆ ಮೊದಲು ಮೂರು ಪ್ರಶ್ನೆ ಕೇಳಿ: ನನಗೆ ಭಾಗಶಃ ಬದಲಾವಣೆ ಸಾಕೇ? ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ? ಆಮೇಲೆ ಎಕ್ಸ್‌ರೇ ತೋರಿಸಿ ವಿವರಿಸುತ್ತೀರಾ? ನೋವು ಕಡಿಮೆಯಾಗದೆ ಹೆಚ್ಚುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ, ತೋರಿಸಿ.

ಅತ್ತೆ ಈಗ ಸೇತುವೆ ಹತ್ತಿ ವೆಸ್ಟಿಗೆ ಹೋಗುತ್ತಾರೆ. ತರಕಾರಿ ಚೀಲ ಮಾತ್ರ ನನ್ನ ಕೈಯಲ್ಲಿ.