ಮಂಗಟ್ಟೆ ಹಕ್ಕಿಯ ಸಹಕಾರ

(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಸಾಲ, ಠೇವಣಿ, ಗೊಬ್ಬರದ ಮಾತು ಬಿಟ್ಟು ಹಕ್ಕಿ ಮಾತು ಯಾಕ್ರೀ ಎಂದು ತಾವು ಕೇಳಬಹುದು. ಸಂಬಂಧ ಐತಿ, ಕೇಳ್ರಿ.

ನಮ್ಮ ಮುಗದ ಬಯಲುಸೀಮೆ ಮುಗಿದು ಮಲೆನಾಡು ಸುರುವಾಗುವ ಭತ್ತದ ನಾಡು. ಹಳಿಯಾಳ ದಾಟಿದರೆ ದಾಂಡೇಲಿಯ ಕಾಡು. ದೊಡ್ಡ ಮಂಗಟ್ಟೆ ಅಲ್ಲಿಯ ಹಕ್ಕಿ. ಹಳದಿ ಕೊಕ್ಕು, ಅದರ ಮೇಲೆ ಟೊಪ್ಪಿಗೆ ಇಟ್ಟಂಥ ಕೊಂಬು, ಕಪ್ಪು-ಬಿಳಿ ರೆಕ್ಕೆ. ಹಾರಿದರೆ ಅಳ್ನಾವರ ಕಡೆಯಿಂದ ರೈಲು ಬಂದಂಗ ಸಪ್ಪಳ. ಆಲ, ಅತ್ತಿ, ಬಸರಿ ಹಣ್ಣುಗಳೇ ಅದರ ಮುಖ್ಯ ಆಹಾರ.

ಅದರ ಸಂಸಾರ ನೋಡಬೇಕು. ಹೆಣ್ಣು ಹಳೇ ಮರದ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಬಿಟ್ಟು, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದೆ. ಒಂದೋ ಎರಡೋ ಮೊಟ್ಟೆ. ಮೂರು-ನಾಲ್ಕು ತಿಂಗಳು ಗಂಡು ಗಂಟಲಲ್ಲಿ ಹಣ್ಣು ತುಂಬಿ ತಂದು ಒಂದೊಂದಾಗಿ ಉಣಿಸುತ್ತದೆ. ಆ ಗಂಡನ್ನು ಯಾರಾದರೂ ಹೊಡೆದರೆ ಒಳಗಿನವರ ಗತಿ ಏನು? ಸಂಘದಾಗೂ ಹಂಗ. ಸಾಲ ಪಡೆದವರು ಹೊತ್ತಿಗೆ ಕಟ್ಟದಿದ್ದರೆ, ನಂಬಿ ಕುಂತ ಮತ್ತೊಬ್ಬ ಸದಸ್ಯರ ಬಿತ್ತಿಗೆ ನಿಲ್ಲುತ್ತದೆ.

ಇನ್ನು, ಉಂಡ ಹಣ್ಣಿನ ಬೀಜವನ್ನು ಈ ಹಕ್ಕಿ ದೂರ ಒಯ್ದು ಉದುರಿಸುತ್ತದೆ. ಅಲ್ಲಿ ಹೊಸ ಮರ ಏಳುತ್ತದೆ. ಇದಕ್ಕಿಂತ ಚಲೋ ಸಾಲ ಮರುಪಾವತಿ ಉಂಟೇನು?

ಸರಕಾರ 2011ರಲ್ಲಿ ದಾಂಡೇಲಿಯಲ್ಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿತು. ಆದರೂ ಕಾಡು ಕರಗಿದ್ದರಿಂದ, ಬೇಟೆಯಿಂದ ಈ ಹಕ್ಕಿಗೆ ಕುತ್ತು ತಪ್ಪಿಲ್ಲ. 2018ರಲ್ಲಿ ಜಗತ್ತಿನ ಅಪಾಯದಂಚಿನ ಜೀವಿಗಳ ಪಟ್ಟಿಗೆ ಅದರ ಹೆಸರೂ ಸೇರಿತು.

ಅದು ದಾಂಡೇಲಿ ಮಾತಾತು, ನಮಗೇನು ಅನ್ನಬ್ಯಾಡ್ರಿ. ಅದರ ತಮ್ಮನಂಥ ಬೂದು ಮಂಗಟ್ಟೆ ಬಯಲುಸೀಮೆಯಲ್ಲೂ ಬದುಕುತ್ತದೆ. ಅದಕ್ಕೂ ಬೇಕಾದ್ದು ಹಣ್ಣಿನ ಮರ, ಪೊಟರೆಯ ಹಳೇ ಮರ. ಬದುವಿನ ಮರದ ನೆರಳಿಗೆ ನಾಲ್ಕು ಸಾಲು ಭತ್ತ ಜೊಳ್ಳಾಗುವುದು ಖರೆ. ಅಡಚಣೆ ಬಂದಾಗ ಮೊದಲು ಕಟ್ಟಿಗೆ ಅಡ್ಡೆ ಕಾಣುವುದೂ ಆ ಮರವೇ. ನೂರು ವರ್ಷ ಬೆಳೆದದ್ದು ಒಂದು ಮುಂಜಾನೆಗೆ ಮುಗಿಯುತ್ತದೆ. ಹೊಸ ಸಸಿ ಹಚ್ಚಿದರೂ ಅದರಾಗ ಪೊಟರೆ ಆಗುವುದನ್ನು ನಮ್ಮ ಮೊಮ್ಮಕ್ಕಳೂ ಕಾಣಲಿಕ್ಕಿಲ್ಲ.

1905ರಲ್ಲಿ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು, ಅಡಚಣೆಯಲ್ಲಿರುವ ರೈತ ಒಂಟಿಯಾಗಬಾರದೆಂದು. ಆದ್ದರಿಂದ ನಮ್ಮ ವಿನಂತಿ ಇಷ್ಟೇ: ಹಳೇ ಆಲ, ಅತ್ತಿ, ಬಸರಿ ಮಾರುವ ಮುನ್ನ ಒಮ್ಮೆ ಸಂಘದ ಕಟ್ಟೆಗೆ ಬರ್ರಿ. ದಾರಿ ಕೂಡಿ ಹುಡುಕೋಣ.