ವಜ್ರದ ಗುರುತಿನ ಪಕ್ಷ ಮತ್ತು ನಮ್ಮ ಅಮಾನತ್ತು

(ಸುದ್ದಗುಂಟೆಪಾಳ್ಯದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



2018ರ ಮೇ ತಿಂಗಳ ವಿಧಾನಸಭಾ ಚುನಾವಣೆ ನಿಮಗೆ ನೆನಪಿರಬಹುದು. ಆಗ ರಾಜ್ಯದುದ್ದಕ್ಕೂ ಹೊಸ ಪಕ್ಷವೊಂದರ ಹೆಸರು ಕೇಳಿಬಂದಿತ್ತು: ಆಲ್ ಇಂಡಿಯಾ ಮಹಿಳಾ ಎಂಪವರ್‌ಮೆಂಟ್ ಪಾರ್ಟಿ. ಅದರ ಚಿಹ್ನೆ ವಜ್ರ. 2017ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಘೋಷಣೆಯಾದ ಅದು, ನಮ್ಮ ರಾಜ್ಯದ ಎಲ್ಲ 224 ಕ್ಷೇತ್ರಗಳಲ್ಲೂ ಸ್ಪರ್ಧಿಸುವುದಾಗಿ ಸಾರಿತ್ತು. ಎಣಿಕೆ ಮುಗಿದಾಗ ಒಂದು ಸ್ಥಾನವೂ ದಕ್ಕಲಿಲ್ಲ. ಮತಪ್ರಮಾಣ ಶೇಕಡಾ ಅರ್ಧವನ್ನೂ ಮುಟ್ಟಲಿಲ್ಲ.

ನಗುವ ವಿಷಯ ಇದಲ್ಲ. ಪಕ್ಷ ತೋರಿಸಿದ ಕೊರತೆ ನಿಜವಾದದ್ದೇ ಆಗಿತ್ತು. ಆ ಸಲ ಆಯ್ಕೆಯಾದ ಮುಸ್ಲಿಮ್ ಶಾಸಕರು ಏಳು ಮಂದಿ. ಅವರಲ್ಲಿ ಮಹಿಳೆ ಗುಲ್ಬರ್ಗಾ ಉತ್ತರದ ಕನೀಝ್ ಫಾತಿಮಾ ಒಬ್ಬರೇ.

ಆದರೆ ಪಕ್ಷದ ಸ್ಥಾಪಕಿ ನೌಹೆರಾ ಶೇಖ್ ನಮ್ಮ ಸಮುದಾಯಕ್ಕೆ ಪರಿಚಿತರಾದದ್ದು ರಾಜಕೀಯದಿಂದಲ್ಲ, ಹೀರಾ ಗೋಲ್ಡ್ ಸಂಸ್ಥೆಯಿಂದ. ಬುರ್ಖಾ ಧರಿಸಿದ, ಧಾರ್ಮಿಕ ಶಿಕ್ಷಣದ ಹಿನ್ನೆಲೆಯ ಮಹಿಳೆ. ಬಡ್ಡಿಯಿಲ್ಲದ ಹಲಾಲ್ ವ್ಯಾಪಾರದ ಮಾತು. ಚುನಾವಣೆ ಮುಗಿದ ಕೆಲವೇ ತಿಂಗಳಲ್ಲಿ, 2018ರ ಅಕ್ಟೋಬರಿನಲ್ಲಿ, ಹೂಡಿಕೆದಾರರ ದೂರಿನ ಮೇಲೆ ಹೈದರಾಬಾದ್ ಪೊಲೀಸರು ಅವರನ್ನು ಬಂಧಿಸಿದರು. ವರ್ಷಕ್ಕೆ ಶೇಕಡಾ 36ರಷ್ಟು ಲಾಭದ ಆಸೆ ತೋರಿಸಿ ಹಣ ಸಂಗ್ರಹಿಸಲಾಯಿತೆಂಬುದು ತನಿಖಾ ಸಂಸ್ಥೆಗಳ ಆರೋಪ. 2021ರಲ್ಲಿ ಸುಪ್ರೀಮ್ ಕೋರ್ಟ್ ಅವರಿಗೆ ಮಧ್ಯಂತರ ಜಾಮೀನು ನೀಡಿತು. ತಪ್ಪು ಯಾರದೆಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ನಮ್ಮ ಮಟ್ಟಿಗೆ ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾದದ್ದು ಬೇರೆಯೇ ಇದೆ.

ಮತ ಕೇಳಿದಾಗ ನಾವು ಕೊಡಲಿಲ್ಲ. ನೀವು ಯಾರು, ಇಷ್ಟು ದಿನ ಎಲ್ಲಿದ್ದಿರಿ, ನಮ್ಮ ಮತ ಒಡೆದು ಯಾರಿಗೆ ಲಾಭ ಎಂದೆಲ್ಲ ವಿಚಾರಿಸಿದೆವು. ಎಷ್ಟು ಜಾಣರು ನಾವು! ಹಣ ಕೇಳಿದಾಗ ಮಾತ್ರ, ಮಗಳ ಮದುವೆಗೆಂದು ಕೂಡಿಟ್ಟದ್ದನ್ನೂ ಗಲ್ಫಿನಿಂದ ಬಂದದ್ದನ್ನೂ ಒಯ್ದು ಸುರಿದೆವು. ದೀನಿನ ಹೆಸರು ಹೇಳಿದವರಲ್ಲಿ ಲೆಕ್ಕ ಕೇಳುವುದು ಅದಬ್ ಅಲ್ಲವೆಂದು ಭಾವಿಸಿದೆವು. ಆ ಬಂಧನದಿಂದಲೂ ಪಾಠ ಕಲಿಯಲಿಲ್ಲ. 2019ರ ಜೂನ್‌ನಲ್ಲಿ ಶಿವಾಜಿನಗರದ ಐಎಂಎ ಬಾಗಿಲು ಮುಚ್ಚಿದಾಗ ಅದರ ಮುಂದೆ ರಸೀದಿ ಹಿಡಿದು ಅಳುತ್ತ ನಿಂತವರಲ್ಲಿ ಹೆಚ್ಚಿನವರು ನಮ್ಮವರೇ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತಾದದ್ದು? ನಮಾಝ್ ಅಲ್ಲ, ಉಪವಾಸವೂ ಅಲ್ಲ. ಅಲ್ ಬಕರಃ ಅಧ್ಯಾಯದ 282ನೆಯ ಆ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ಕುರಿತಾದದ್ದು. ಮದ್ರಸದಲ್ಲಿ ಕಲಿತ ನಾವು ಅದನ್ನು ಕಂಠಪಾಠ ಮಾಡಿದ್ದೇವೆ. ಜುಮಾದ ಖುತ್ಬಾದಲ್ಲಿ ಅದನ್ನು ವಿವರಿಸಿದವರೆಷ್ಟು ಮಂದಿ?

ಇನ್ನು ಪ್ರಶ್ನೋತ್ತರದ ಸಮಯ. ಪರದೆಯ ಆಚೆ ಕುಳಿತಿರುವ ಸಹೋದರಿಯರು ಮೊದಲು ನಮ್ಮನ್ನೇ ಪ್ರಶ್ನಿಸಲಿ: ನೀವೇಕೆ ಆಗ ಸುಮ್ಮನಿದ್ದಿರಿ?