ಬಂಡೆ, ಕೆಸರು, ಧೂಳು ಮತ್ತು ಒಂದು ಕೈಗಡಿಯಾರ

(ಕೊಪ್ಪಳದಲ್ಲಿ ಚಾರಣಪ್ರಿಯ ಯುವಕ ಯುವತಿಯರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಸಾಹಸಿಯ ಕೈಗೆ ಒಪ್ಪುವ ಗಟ್ಟಿಮುಟ್ಟಾದ ವಾಚು ಯಾವುದು ಎಂಬ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದ್ದೀರಿ. ಜಾಹೀರಾತು ನೋಡಿದರೆ ಉತ್ತರ ಸುಲಭ. ಹಿಮಶಿಖರದ ಮೇಲೆ ನಿಂತ ಗಡ್ಡದ ಮನುಷ್ಯ, ಅವನ ಕೈಯಲ್ಲಿ ಎರಡು ಮೂರು ಲಕ್ಷದ ವಾಚು. ಆದರೆ ನಮ್ಮಲ್ಲಿ ಹಿಮವಿಲ್ಲ. ಆನೆಗೊಂದಿ, ಸಾಣಾಪುರಗಳ ಬಂಡೆಗಲ್ಲು ಇದೆ, ಗಂಗಾವತಿಯ ಭತ್ತದ ಗದ್ದೆಯ ಕೆಸರಿದೆ, ಕುಷ್ಟಗಿಯ ಧೂಳಿದೆ, ಯಲಬುರ್ಗಾದ ಎರೆಹೊಲವಿದೆ. ಏಪ್ರಿಲ್ ತಿಂಗಳ ಬಿಸಿಲಂತೂ ಎಲ್ಲ ಕಡೆಗೂ ಒಂದೇ. ವಾಚನ್ನು ಆರಿಸುವಾಗ ಈ ನೆಲವನ್ನು ಕೇಳಬೇಕೇ ಹೊರತು ಜಾಹೀರಾತನ್ನಲ್ಲ.

ಮೊದಲು ಸ್ವಲ್ಪ ಇತಿಹಾಸ. ವಾಚು ಮಣಿಕಟ್ಟಿಗೆ ಬಂದದ್ದೇ ಸಾಹಸಿಗಳಿಂದ. ನೂರಿಪ್ಪತ್ತು ವರ್ಷಗಳ ಹಿಂದೆ ಗಂಡಸರ ಗಡಿಯಾರ ಕೋಟಿನ ಜೇಬಿನಲ್ಲಿ ಸರಪಳಿ ಕಟ್ಟಿಕೊಂಡು ಇರುತ್ತಿತ್ತು. ಕೈಗೆ ಕಟ್ಟುವುದು ಹೆಂಗಸರ ಆಭರಣ ಎಂಬ ಭಾವನೆ ಇತ್ತು. ವಿಮಾನ ಹಾರಿಸುತ್ತಿದ್ದ ಸಾಂತೋಸ್ ದ್ಯುಮೊಂಗೆ ಎರಡೂ ಕೈಗಳಿಗೆ ಕೆಲಸವಿದ್ದುದರಿಂದ ಜೇಬಿನಿಂದ ಗಡಿಯಾರ ತೆಗೆಯಲು ಆಗುತ್ತಿರಲಿಲ್ಲ. ಅವನಿಗಾಗಿ ಪ್ಯಾರಿಸಿನ ಕಾರ್ತಿಯೇ 1904ರಲ್ಲಿ ಕೈಗಡಿಯಾರ ಮಾಡಿಕೊಟ್ಟ. ಆಮೇಲೆ ಮೊದಲ ಮಹಾಯುದ್ಧ. ಕಂದಕದಲ್ಲಿ ಕೂತ ಸಿಪಾಯಿಗೆ ಜೇಬು ತಡಕುವ ವ್ಯವಧಾನ ಎಲ್ಲಿಂದ ಬರಬೇಕು? ಯುದ್ಧ ಮುಗಿದು ಮನೆಗೆ ಮರಳಿದವರ ಕೈಯಲ್ಲಿ ವಾಚು ಉಳಿದುಬಿಟ್ಟಿತು. ಭಾರತದ ಮಾರುಕಟ್ಟೆಯನ್ನೇ ನೆಚ್ಚಿಕೊಂಡಿದ್ದ ಸ್ವಿಸ್ ಹೆಸರು ವೆಸ್ಟ್ ಎಂಡ್. ಅವರ ಪ್ರಸಿದ್ಧ ವಾಚಿನ ಹೆಸರು ‘ಸವಾರ್’. ಕುದುರೆ ಸವಾರ ಎಂದು ನಾವು ದಿನಾ ಹೇಳುವ ಅದೇ ಸವಾರ.

1953ರ ಮೇ 29ರಂದು ಹಿಲರಿ ಮತ್ತು ತೇನ್‌ಸಿಂಗ್ ಎವರೆಸ್ಟ್ ಹತ್ತಿದರು. ಆ ತಂಡಕ್ಕೆ ರೋಲೆಕ್ಸ್ ಕೂಡ ವಾಚು ಕೊಟ್ಟಿತ್ತು, ಇಂಗ್ಲೆಂಡಿನ ಸ್ಮಿತ್ಸ್ ಕೂಡ ಕೊಟ್ಟಿತ್ತು. ಶಿಖರದ ಕೀರ್ತಿಯನ್ನು ಇಬ್ಬರೂ ಜಾಹೀರಾತಿಗೆ ಬಳಸಿಕೊಂಡರು. ಸಾಹಸಿಯ ವಾಚು ಎಂಬ ಮಾತು ವ್ಯಾಪಾರದ ಮಾತಾದದ್ದು ಹೀಗೆ. ಶೆರ್ಪಾಗಳ ಹೆಗಲ ಮೇಲಿನ ಹೊರೆಯ ಬಗ್ಗೆ ಯಾರೂ ಅಷ್ಟು ಜಾಹೀರಾತು ಕೊಟ್ಟಂತಿಲ್ಲ, ಇರಲಿ.

ಈಗ ನಮ್ಮ ಊರಿಗೆ ಬರೋಣ. ಕೊಪ್ಪಳ, ಯಲಬುರ್ಗಾ ಸೀಮೆ ಒಂದು ಕಾಲಕ್ಕೆ ಸಾಲಾರ್‌ಜಂಗ್ ಮನೆತನದ ಜಹಗೀರು. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಮ್ಮಿಗೆ ಹೋದವರು ಅಲ್ಲಿಯ ದೊಡ್ಡ ಗಡಿಯಾರದ ಮುಂದೆ ನಿಂತೇ ಇರುತ್ತೀರಿ. ಪ್ರತಿ ಗಂಟೆಗೆ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆ. ಅದನ್ನು ನೋಡಲು ಜಾತ್ರೆಯಂತೆ ಜನ ಸೇರುತ್ತಾರೆ. ಅಂಥ ಗಡಿಯಾರಗಳನ್ನು ಕೊಳ್ಳುವ ಮನೆತನಕ್ಕೆ ನಮ್ಮ ಹೊಲಗಳ ಕಂದಾಯವೂ ಹೋಗುತ್ತಿತ್ತು ಎನ್ನುವುದನ್ನು ಆ ಜಾತ್ರೆಯಲ್ಲಿ ನಿಂತಾಗ ನೆನೆಯಬೇಕು. ಕಂದಾಯ ಕಟ್ಟಿದ ರೈತನ ಮನೆಯಲ್ಲಿ ಹೊತ್ತು ತಿಳಿಯಲು ಇದ್ದದ್ದು ಬಿಸಿಲು, ನೆರಳು, ಕೋಳಿಯ ಕೂಗು.

ಆ ಮನೆಗೆ ವಾಚು ತಂದದ್ದು ಎಚ್‌ಎಂಟಿ. ಬೆಂಗಳೂರಿನ ಕಾರ್ಖಾನೆಯಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ 1961ರಲ್ಲಿ ವಾಚು ತಯಾರಿಕೆ ಆರಂಭವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಜವಾನ್, ಪೈಲಟ್, ಸೋನಾ, ಕಾಂಚನ್, ಕೊಹಿನೂರ್ ಎಂದು ಹೆಸರುಗಳು. ನಮ್ಮ ಭಾಗದ ಮದುವೆಗಳಲ್ಲಿ ಅಳಿಯನಿಗೆ ವಾಚು, ಸೈಕಲ್, ರೇಡಿಯೋ ಎಂಬ ಮೂರು ಮಾತು ನಿಮ್ಮ ಅಜ್ಜಂದಿರ ಕಾಲದಲ್ಲಿ ಒಟ್ಟಿಗೇ ಬರುತ್ತಿದ್ದವು. ವರೋಪಚಾರದ ಈ ಪಟ್ಟಿ ಎಷ್ಟು ತಂದೆಯರನ್ನು ಸಾಲಕ್ಕೆ ತಳ್ಳಿತು ಎಂಬುದು ಬೇರೆಯೇ ಕಥೆ. ಆದರೆ ಹಾಗೆ ಬಂದ ವಾಚು ಹೊಲಕ್ಕೆ ಹೋಯಿತು, ಸಂತೆಗೆ ಹೋಯಿತು, ಎತ್ತಿನ ಗಾಡಿಯಲ್ಲಿ ಕುಲುಕಿತು, ಮೂವತ್ತು ನಲವತ್ತು ವರ್ಷ ನಡೆಯಿತು. ಗಟ್ಟಿತನದ ಪರೀಕ್ಷೆ ಅಂದರೆ ಇದೇ ಅಲ್ಲವೇ?

ಪೈಲಟ್ ಮಾದರಿಯನ್ನು ಗಮನಿಸಿ. ಕಪ್ಪು ಡಯಲ್, ದೊಡ್ಡ ಅಂಕಿಗಳು, ಕೀಲಿ ಕೊಡುವ ಯಂತ್ರ. ಒಳಗೆ ಹದಿನೇಳು ಜ್ಯುವೆಲ್, ಅಂದರೆ ಸವೆತ ತಡೆಯುವ ಪುಟ್ಟ ಕೃತಕ ಮಾಣಿಕ್ಯದ ಹರಳುಗಳು. ಡಯಲ್ ಮೇಲೆ ‘ಪ್ಯಾರಾಶಾಕ್’ ಎಂದು ಬರೆದಿರುತ್ತದೆ: ಯಂತ್ರದ ಜೀವಾಳವಾದ ತೂಗುಚಕ್ರದ ಅಚ್ಚು ಕೂದಲೆಳೆಯಷ್ಟು ಸಣ್ಣದು, ವಾಚು ಬಿದ್ದಾಗ ಅದು ಮುರಿಯದಂತೆ ತುದಿಗಳಲ್ಲಿ ಸಣ್ಣ ಸ್ಪ್ರಿಂಗ್ ಕೂರಿಸಿರುತ್ತಾರೆ. ಇದರಾಚೆ ಹೆಚ್ಚಿನ ಬೆಡಗಿಲ್ಲ. ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸಬಹುದಾದ ಯಂತ್ರ. ಸಾಹಸಿಯ ವಾಚಿನಲ್ಲಿ ನಾನು ಮೊದಲು ನೋಡುವ ಗುಣ ಇದೇ: ಕೆಟ್ಟರೆ ಹತ್ತಿರದ ಪೇಟೆಯಲ್ಲಿ ರಿಪೇರಿ ಆಗಬೇಕು.

ಈಗ ಬೇಸರದ ಮಾತು. ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಬಂದದ್ದೇ ತಡ, ಹಳೆಯ ವಾಚಿಗೆ ಬೇಡಿಕೆ ಏರಿತು. ಬೇಡಿಕೆಯ ಹಿಂದೆಯೇ ಕಲಬೆರಕೆಯೂ ಬಂತು. ಹಸಿರು, ಕಿತ್ತಳೆ ಬಣ್ಣದ ಥಳಥಳಿಸುವ ಡಯಲ್ಲಿನ ‘ಹಳೆಯ ಪೈಲಟ್’ ಕಂಡರೆ ಅನುಮಾನಪಡಿ. ಸವೆದ ಡಯಲ್ಲಿಗೆ ಹೊಸ ಬಣ್ಣ ಬಳಿದು, ಹತ್ತು ವಾಚುಗಳ ಅಂಗಗಳನ್ನು ಕೂಡಿಸಿ ಒಂದು ಮಾಡಿರುತ್ತಾರೆ. ಅಕ್ಷರಗಳ ಅಂಚು ಒರಟಾಗಿದೆಯೇ, ಡಯಲ್ಲಿನ ಅಂಕಿಗಳ ಹೊಳಪು ಬಣ್ಣ ಹಳದಿಗಟ್ಟಿದ್ದು ಮುಳ್ಳಿನದು ಮಾತ್ರ ಹೊಸದಾಗಿದೆಯೇ ನೋಡಿ. ಹಿಂದಿನ ಮುಚ್ಚಳ ತೆಗೆದು ತೋರಿಸಲು ಒಪ್ಪದವನಿಂದ ಕೊಳ್ಳಬೇಡಿ. ಇದಕ್ಕಿಂತ ಒಳ್ಳೆಯ ದಾರಿ ಮನೆಯ ಟ್ರಂಕು ಹುಡುಕುವುದು. ಅಜ್ಜನ ವಾಚು ನಿಂತುಹೋಗಿದೆ ಎಂದರೆ ಸತ್ತಿದೆ ಎಂದಲ್ಲ. ಬಹಳ ಸಲ ಒಳಗಿನ ಎಣ್ಣೆ ಒಣಗಿರುತ್ತದೆ, ಅಷ್ಟೇ.

ಆದರೆ ಅಜ್ಜನ ವಾಚು ಕಟ್ಟಿಕೊಂಡು ಸಾಣಾಪುರದ ಕೆರೆಗೆ ಇಳಿಯಬೇಡಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ನೀರು ತಡೆಯುವುದು ಲೋಹವಲ್ಲ, ಮುಚ್ಚಳದ ಅಂಚಿನ ರಬ್ಬರ್ ಬಳೆ. ವರ್ಷ ಕಳೆದಂತೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಇನ್ನು ಹೊಸ ವಾಚಿನ ಮೇಲೆ ‘30 ಮೀಟರ್’ ಎಂದು ಬರೆದಿದ್ದರೆ ಮೂವತ್ತು ಮೀಟರ್ ಆಳಕ್ಕೆ ಮುಳುಗಬಹುದು ಎಂದು ಅರ್ಥವಲ್ಲ. ಪ್ರಯೋಗಶಾಲೆಯಲ್ಲಿ ಅಲುಗಾಡದ ಸ್ಥಿತಿಯಲ್ಲಿ ಅಷ್ಟು ಒತ್ತಡ ತಡೆದಿದೆ ಎಂದಷ್ಟೇ. ಕೈ ತೊಳೆಯಲು, ಮಳೆಗೆ ಅದು ಸಾಕು. ಈಜಿಗೆ ಕನಿಷ್ಠ 100 ಮೀಟರ್ ಎಂದಿರುವುದನ್ನೇ ಆರಿಸಿ. ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಮಧ್ಯಾಹ್ನದ ಬಂಡೆಯ ಮೇಲೆ ಕಾದ ವಾಚನ್ನು ಥಟ್ಟನೆ ತಣ್ಣೀರಿಗೆ ಅದ್ದಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ಎಳೆದುಕೊಳ್ಳುತ್ತದೆ. ಗಾಜಿನ ಒಳಗೆ ಮಂಜು ಕಟ್ಟಿತೆಂದರೆ ಅದೇ ದಿನ ರಿಪೇರಿಯವರ ಹತ್ತಿರ ಹೋಗಬೇಕು, ತುಕ್ಕು ಕಾಯುವುದಿಲ್ಲ.

ಗದ್ದೆ, ನೀರು, ಹರಿಗೋಲು ಎನ್ನುವವರಿಗೆ ಸೆಲ್ ವಾಚೇ ಮೇಲು. ಕ್ಯಾಸಿಯೋ ಕಂಪೆನಿಯ ಜಿ-ಶಾಕ್ 1983ರಲ್ಲಿ ಬಂತು. ಅದನ್ನು ರೂಪಿಸಿದ ಕಿಕುವೊ ಇಬೆ ಅವರಿಗೆ ತಂದೆ ಕೊಟ್ಟ ವಾಚು ಕೈಜಾರಿ ಬಿದ್ದು ಒಡೆದುಹೋಗಿತ್ತಂತೆ. ಒಡೆಯದ ವಾಚು ಮಾಡಬೇಕೆಂದು ಅವರು ಸುಮಾರು ಇನ್ನೂರು ನಮೂನೆಗಳನ್ನು ಮಹಡಿಯ ಕಿಟಕಿಯಿಂದ ಕೆಳಗೆ ಎಸೆದು ನೋಡಿದರು. ಅದನ್ನು ಸುಂದರ ಎನ್ನಲು ನನಗೆ ಆಗುವುದಿಲ್ಲ. ಗಟ್ಟಿ ಎನ್ನಲು ಅನುಮಾನವೂ ಇಲ್ಲ.

ಬಂಡೆ ಹತ್ತುವವರಿಗೆ ಒಂದು ಮಾತು. ಬಿರುಕಿನಲ್ಲಿ ಕೈ ತೂರಿಸಬೇಕಾದ ಕಡೆ ವಾಚು ಕೈಯಲ್ಲಿರಲೇಬಾರದು. ಸಿಕ್ಕಿಕೊಂಡರೆ ವಾಚಲ್ಲ, ಮಣಿಕಟ್ಟು ಹೋಗುತ್ತದೆ. ಚೀಲದ ಪಟ್ಟಿಗೆ ಕಟ್ಟಿಕೊಳ್ಳಿ. ಬೆಲ್ಟು ಚರ್ಮದ್ದಾದರೆ ನಮ್ಮ ಬೆವರಿಗೆ ಒಂದು ಬೇಸಿಗೆಯಲ್ಲಿ ನಾರುತ್ತದೆ. ಒಂದೇ ಉದ್ದದ ನೈಲಾನ್ ಪಟ್ಟಿ ಒಳ್ಳೆಯದು: ಒಂದು ಕಡೆಯ ಕಡ್ಡಿ ಮುರಿದರೂ ವಾಚು ಕೆಳಗೆ ಬೀಳುವುದಿಲ್ಲ. ಕೀಲಿ ವಾಚನ್ನು ಮೊಬೈಲಿನ ಅಯಸ್ಕಾಂತದ ಕವರಿನ ಪಕ್ಕ ಇಡಬೇಡಿ. ಒಳಗಿನ ಸುರುಳಿ ಅಂಟಿಕೊಂಡು ಗಡಿಯಾರ ಓಡತೊಡಗುತ್ತದೆ.

ಮೊಬೈಲ್ ಇರುವಾಗ ವಾಚು ಏಕೆ ಎಂದು ನಿಮ್ಮಲ್ಲೊಬ್ಬರು ಆಗಲೇ ಕೇಳಿದರು. ಬಂಡೆಗಳ ನಡುವೆ ಸಂಜೆ ನಾಲ್ಕಕ್ಕೆ ಮೊಬೈಲ್ ಸತ್ತಾಗ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ನಮ್ಮಲ್ಲಿ ಡಿಸೆಂಬರಿನಲ್ಲಿ ಸುಮಾರು ಆರಕ್ಕೆ, ಜೂನಿನಲ್ಲಿ ಸುಮಾರು ಏಳಕ್ಕೆ ಸೂರ್ಯ ಮುಳುಗುತ್ತಾನೆ. ಸಂಜೆಗತ್ತಲು ಇಂಗ್ಲೆಂಡಿನ ಹಾಗೆ ಗಂಟೆಗಟ್ಟಲೆ ತೆರೆದಿರುವುದಿಲ್ಲ, ಬೇಗ ಕವಿಯುತ್ತದೆ. ಮುಳುಗುವವರ ವಾಚುಗಳಲ್ಲಿ ಗಾಜಿನ ಸುತ್ತ ತಿರುಗುವ ಬಳೆ ಇರುತ್ತದಲ್ಲ, ಅದರ ನಿಜವಾದ ಉಪಯೋಗ ಇಲ್ಲಿದೆ. ಹತ್ತಲು ಹೊರಟಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿ. ಇಷ್ಟು ಹೊತ್ತಾದರೆ ಎಲ್ಲಿದ್ದರೂ ವಾಪಸು ಎಂದು ಮೊದಲೇ ನಿರ್ಧರಿಸಿ.

ಸ್ಕೌಟ್ ಪುಸ್ತಕಗಳಲ್ಲಿ ಇನ್ನೊಂದು ಉಪಾಯ ಹೇಳಿರುತ್ತಾರೆ: ಗಂಟೆಯ ಮುಳ್ಳನ್ನು ಸೂರ್ಯನತ್ತ ಹಿಡಿ, ಅದಕ್ಕೂ ಹನ್ನೆರಡಕ್ಕೂ ನಡುವೆ ದಕ್ಷಿಣ ದಿಕ್ಕು. ಇದನ್ನು ಇಲ್ಲಿ ನಂಬಬೇಡಿ. ಅದು ಸೂರ್ಯ ಸದಾ ದಕ್ಷಿಣದಲ್ಲೇ ಓಡಾಡುವ ಚಳಿದೇಶಗಳ ಲೆಕ್ಕ. ಕೊಪ್ಪಳ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಪುಸ್ತಕ ನಂಬಿ ಹೊರಟರೆ ಹೊಳೆ ಇರುವ ಕಡೆಗೆ ಬೆನ್ನು ಮಾಡಿ ನಡೆದೀರಿ.

ಜೊತೆಗೆ ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕೊಪ್ಪಳ, ಗಂಗಾವತಿ 76 ಡಿಗ್ರಿ ದಾಟಿದ ಕಡೆ ಇವೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ವಾಚಿಗಿಂತ ಇಪ್ಪತ್ನಾಲ್ಕು, ಇಪ್ಪತ್ತೈದು ನಿಮಿಷ ಹಿಂದೆ. ಹಳಬರ ಲೆಕ್ಕದಲ್ಲಿ ಇಪ್ಪತ್ನಾಲ್ಕು ನಿಮಿಷ ಎಂದರೆ ಸರಿಯಾಗಿ ಒಂದು ಗಳಿಗೆ. ತಳದಲ್ಲಿ ತೂತಿನ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಗಳಿಗೆ ಎಂದು ಎಣಿಸುತ್ತಿದ್ದರು. ಇಟಗಿಯ ಮಹಾದೇವ ದೇವಾಲಯ ಕಟ್ಟಿದ 1112ರ ಸುಮಾರಿಗೆ ಹೊತ್ತಿನ ಲೆಕ್ಕ ನಡೆದದ್ದು ಇಂಥ ಗಳಿಗೆಗಳಲ್ಲೇ. ವಾಚಿನ ಹನ್ನೆರಡು ಗಂಟೆಗೂ ಇಟಗಿಯ ನೆರಳಿನ ನಡುಹಗಲಿಗೂ ಇಂದಿಗೂ ವರ್ಷದ ಸರಾಸರಿಯಲ್ಲಿ ಹೆಚ್ಚುಕಡಿಮೆ ಒಂದು ಗಳಿಗೆಯ ಅಂತರ.

ಕೊನೆಗೆ, ಅಜ್ಜನ ವಾಚನ್ನೇ ಆರಿಸಿದವರಿಗೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀಲಿ ಕೊಡಿ, ಕೈಗೆ ಬಿಗಿ ತಾಗಿದ ಕೂಡಲೇ ನಿಲ್ಲಿಸಿ. ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ಗಾಬರಿ ಬೇಡ. ಮೂರು ನಾಲ್ಕು ವರ್ಷಕ್ಕೊಮ್ಮೆ ತೊಳೆಸಿ ಎಣ್ಣೆ ಹಾಕಿಸಿ. ಕೀಲಿ ವಾಚು ಬಿಚ್ಚಬಲ್ಲವರು ನಮ್ಮ ಪೇಟೆಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಉಳಿದವರು ಸೆಲ್ ಹಾಕುವುದರಲ್ಲೇ ದಿನ ದೂಡುತ್ತಿದ್ದಾರೆ. ನಿಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಹಿರಿಯರೊಬ್ಬರು ಇನ್ನೂ ಇದ್ದರೆ, ವಾಚನ್ನು ಈ ವಾರವೇ ಕೊಂಡೊಯ್ಯಿರಿ. ಒಪ್ಪಿದರೆ ಅವರು ಬಿಚ್ಚುವಾಗ ಪಕ್ಕದಲ್ಲಿ ಕೂತು ನೋಡಿ.